ಹದಿಹರೆಯದವರ ಗ್ರಂಥಾಲಯ ಸೇವೆ

ಹದಿಮೂರರಿಂದ ಹದಿನೆಂಟರ ನಡುವಿನ ಓದುಗರಿಗಾಗಿ ಸಾರ್ವಜನಿಕ ಗ್ರಂಥಾಲಯಗಳು ಜಾಗ, ಪುಸ್ತಕ, ಸಿಬ್ಬಂದಿ ಒದಗಿಸುವ ವ್ಯವಸ್ಥೆ. ಕರ್ನಾಟಕದಲ್ಲಿ ಇದರ ಚರಿತ್ರೆ ಚಿಕ್ಕದು. ಇರುವಷ್ಟೂ ನಗರಕ್ಕಿಂತ ಹಳ್ಳಿಯಲ್ಲೇ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ಅಂಚಿನ ಬಾಗಲಗುಂಟೆಯಂಥ ಬಡಾವಣೆಗಳು ಎರಡರ ನಡುವೆ ಸಿಕ್ಕಿಕೊಂಡಿವೆ.

ಅಮೆರಿಕದ ದೊಡ್ಡ ನಗರಗಳಲ್ಲಿ ಈ ಸೇವೆ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲೇ ರೂಪುಗೊಂಡಿತು. ಕ್ಲೀವ್‌ಲ್ಯಾಂಡ್ ಗ್ರಂಥಾಲಯ ಹರೆಯದವರಿಗೆಂದೇ ಕೋಣೆ ತೆರೆಯಿತು. ನ್ಯೂಯಾರ್ಕ್ 1929ರಿಂದ ಅವರಿಗೆ ಹೊಂದುವ ಪುಸ್ತಕಗಳ ಪಟ್ಟಿ ಹೊರಡಿಸತೊಡಗಿತು. ಬಾಲ್ಟಿಮೋರ್‌ನ ಗ್ರಂಥಪಾಲಕಿ ಮಾರ್ಗರೆಟ್ ಎಡ್ವರ್ಡ್ಸ್ ಕುದುರೆಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬಡವರ ಕೇರಿಗಳಿಗೇ ಹೋದರು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ, ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ 1915ರದು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. 1957ರಿಂದ ಬೆಂಗಳೂರಿನಲ್ಲಿ ನೆಲೆಸಿದ್ದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ನೆರಳು ಅದರ ಮೇಲಿದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿಯಾಗುವುದೂ, ಇಂದು ಅದು ಶೇ 6 ಆಗಿರುವುದೂ ಈ ಕಾಯ್ದೆಯಿಂದ. ಹಣದ ದಾರಿ ತೆರೆಯಿತು, ಶಾಖೆಗಳು ಹೆಚ್ಚಿದವು. ಆದರೆ ಓದುಗರಲ್ಲಿ ಎರಡೇ ಜಾತಿ ಉಳಿದವು, ಮಕ್ಕಳು ಮತ್ತು ದೊಡ್ಡವರು. ಒಂಬತ್ತನೆಯ ತರಗತಿಯ ಹುಡುಗಿ ಮಕ್ಕಳ ಕಪಾಟಿನ ಚಿತ್ರಕಥೆಗಳನ್ನು ದಾಟಿರುತ್ತಾಳೆ. ದೊಡ್ಡವರ ವಿಭಾಗದಲ್ಲಿ ಅವಳಿಗೆ ಕಾಣುವುದು ಪತ್ರಿಕೆ ಓದುವ ಹಿರಿಯರು, ಈಚಿನ ವರ್ಷಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಯುವಕರು. ಅವಳಿಗೆ ಕುರ್ಚಿಯೇ ಇಲ್ಲ.

ಪುಸ್ತಕಗಳ ಕೊರತೆ ಇದಕ್ಕೆ ಕಾರಣವಲ್ಲ. ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಕೊಟ್ಟರು. ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ ಕಿರಿಯರಿಗೆಂದೇ ರೂಪಿಸಿದ ಏಳು ಸಂಪುಟಗಳ ವಿಶ್ವಕೋಶ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಹೈಸ್ಕೂಲು ಮಕ್ಕಳು ಯಾರೂ ಹೇಳದೆಯೇ ಓದುತ್ತಾರೆ. ಇವುಗಳನ್ನು ಆ ವಯಸ್ಸಿನವರ ಕೈಗೆಟುಕುವ ಒಂದೇ ಕಪಾಟಿನಲ್ಲಿಟ್ಟು, ಜೊತೆಗೆ ಮಾತಾಡುವ ಒಬ್ಬ ಮನುಷ್ಯ ಬೇಕಿತ್ತು.

ಅಂಥ ಬದಲಾವಣೆ ಹಳ್ಳಿಯಿಂದ ಬಂತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಕೋವಿಡ್‌ನಿಂದ ಶಾಲೆಗಳ ಬಾಗಿಲು ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಯಿತು: ಆರರಿಂದ ಹದಿನೆಂಟರವರೆಗಿನ ಎಲ್ಲರಿಗೂ ಉಚಿತ ಸದಸ್ಯತ್ವ. ಠೇವಣಿ ಕಟ್ಟುವ ಪ್ರಶ್ನೆಯೇ ಇಲ್ಲದ್ದರಿಂದ ಹದಿನೈದರ ಹುಡುಗ ಅಪ್ಪನ ಅನುಮತಿಗೆ ಕಾಯದೆ ಒಳಗೆ ಬರುವಂತಾಯಿತು. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರ ಬರೆಯುವುದು, ಚೆಸ್, ಆಮೇಲೆ ಕಂಪ್ಯೂಟರ್ ಸೇರಿದವು. ‘ಅರಿವು ಕೇಂದ್ರ’ವೆಂಬ ಹೊಸ ಹೆಸರು ಪಡೆದ ಈ ಗ್ರಂಥಾಲಯಗಳ ಸಂಖ್ಯೆ 5,600ಕ್ಕೂ ಹೆಚ್ಚು. ಹದಿಹರೆಯದವರಿಗೆ ಇಲ್ಲಿಯೂ ಬೇರೆ ಕೋಣೆಯಿಲ್ಲ, ನಿಜ. ಆದರೆ ಅವರ ವಯಸ್ಸನ್ನು ನಿಯಮದಲ್ಲೇ ಬರೆದು ಕರೆದದ್ದು ದೊಡ್ಡ ಹೆಜ್ಜೆ; ಅದನ್ನು ನಡೆಸಿಕೊಂಡು ಹೋಗುತ್ತಿರುವವರು ಕಡಿಮೆ ಗೌರವಧನಕ್ಕೆ ದುಡಿಯುವ ಮೇಲ್ವಿಚಾರಕರು.

ಬಾಗಲಗುಂಟೆ ಒಂದು ಕಾಲಕ್ಕೆ ಹಳ್ಳಿ. ಆಮೇಲೆ ದಾಸರಹಳ್ಳಿ ನಗರಸಭೆಗೆ ಸೇರಿ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಬಂತು. ನಗರವಾದ ಕಾರಣಕ್ಕೇ ಪಂಚಾಯಿತಿಗಳ ಈ ಯೋಜನೆ ಇದನ್ನು ಮುಟ್ಟಲಿಲ್ಲ. ಇಲ್ಲಿನ ಅನೇಕ ಮನೆಗಳಲ್ಲಿ ತಂದೆ ತಾಯಿ ಪೀಣ್ಯದ ಕಾರ್ಖಾನೆಗೋ ಗಾರ್ಮೆಂಟ್ಸ್‌ಗೋ ಹೋಗುತ್ತಾರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳಿಗೆ ಕೂತು ಓದುವ ಮೂಲೆ ಸಿಗುವುದು ಕಷ್ಟ. ಇಂಥ ಕಡೆ ಸೇವೆ ಆರಂಭಿಸುವವರು ಮೊದಲು ನೋಡಬೇಕಾದದ್ದು ವೇಳೆ. ಶಾಲೆ ಬಿಟ್ಟ ಮೇಲೆ, ತಾಯಿ ಕೆಲಸದಿಂದ ಮರಳುವವರೆಗೆ ಬಾಗಿಲು ತೆರೆದಿರಬೇಕು. ಮನೆ ಬದಲಿಸುತ್ತಲೇ ಇರುವ ಬಾಡಿಗೆದಾರರ ಮಕ್ಕಳಿಗೆ ವಿಳಾಸದ ಪುರಾವೆ ಅಡ್ಡಿಯಾಗಬಾರದು. ಶಾಲೆಯ ಗುರುತುಚೀಟಿ ಸಾಕು. ಹೆಣ್ಣುಮಕ್ಕಳು ಬರಬೇಕಾದರೆ ಶೌಚಾಲಯ ಮತ್ತು ಬೆಳಕಿರುವ ರಸ್ತೆ ಪುಸ್ತಕದಷ್ಟೇ ಮುಖ್ಯ.

2023–24ರ ಕೇಂದ್ರ ಬಜೆಟ್ ಮಕ್ಕಳು ಮತ್ತು ಹದಿಹರೆಯದವರಿಗಾಗಿ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಘೋಷಿಸಿತು. ರಾಜ್ಯದ ಡಿಜಿಟಲ್ ಗ್ರಂಥಾಲಯ 2020ರಿಂದಲೇ ಇದೆ. ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇವೆರಡೂ ನಡೆದು ತಲುಪಬಹುದಾದ ಓದುವ ಕೋಣೆಗೆ ಬದಲಿಯಲ್ಲ.