ಐದು ವರ್ಷದ ಸದನ, ಬದಲಾಗುವ ಬಲಾಬಲ

ಸಂವಿಧಾನದ 172ನೆಯ ವಿಧಿಯು ರಾಜ್ಯ ವಿಧಾನಸಭೆಯ ಅವಧಿಯನ್ನು ಐದು ವರ್ಷವೆಂದು ಗೊತ್ತುಪಡಿಸಿದ್ದು, ಈ ಅವಧಿಯು ಮತದಾನದ ದಿನದಿಂದಾಗಲಿ ಮುಖ್ಯಮಂತ್ರಿಯ ಪ್ರಮಾಣವಚನದಿಂದಾಗಲಿ ಆರಂಭವಾಗದೆ, ಹೊಸ ಸದನದ ಮೊದಲ ಸಭೆಗೆ ನಿಗದಿಯಾದ ದಿನದಿಂದ ಎಣಿಕೆಯಾಗುತ್ತದೆ. ಐದು ವರ್ಷವೆಂಬುದು ಗರಿಷ್ಠ ಮಿತಿಯೇ ಹೊರತು ಸದನಕ್ಕೆ ದೊರೆತ ಖಾತರಿಯಲ್ಲ. ಕರ್ನಾಟಕದ ನಾಲ್ಕು, ಏಳು, ಎಂಟು ಮತ್ತು ಹನ್ನೆರಡನೆಯ ವಿಧಾನಸಭೆಗಳು ಅವಧಿಗೆ ಮುನ್ನವೇ ವಿಸರ್ಜನೆಗೊಂಡವು. 1972ರಲ್ಲಿ ರಚನೆಯಾದ ಐದನೆಯ ಸದನದ ಕಥೆ ಇನ್ನೂ ವಿಚಿತ್ರವಾದುದು: 42ನೆಯ ತಿದ್ದುಪಡಿಯು ಅವಧಿಯನ್ನು ಆರು ವರ್ಷಕ್ಕೆ ಹಿಗ್ಗಿಸಿದ್ದರಿಂದ ಅದು ಐದು ವರ್ಷ ದಾಟಿ ಬದುಕಿತಾದರೂ, 1977ರ ಡಿಸೆಂಬರ್ 31ರಂದು ವಿಸರ್ಜನೆಯಾಗಿ, ಅವಧಿ ಮೀರಿಯೂ ಅವಧಿ ಮುಗಿಸದ ಸದನವೆನಿಸಿತು. 44ನೆಯ ತಿದ್ದುಪಡಿಯಿಂದ ಅವಧಿ ಮತ್ತೆ ಐದು ವರ್ಷಕ್ಕೆ ಇಳಿಯಿತು.

1952ರ ಮೈಸೂರು ವಿಧಾನಸಭೆಯಲ್ಲಿ ಇದ್ದ ಸ್ಥಾನಗಳು 99. ಅವುಗಳಲ್ಲಿ 74 ಕಾಂಗ್ರೆಸ್ಸಿನವು. ಏಕೀಕರಣದ ನಂತರ 208, 1967ರಲ್ಲಿ 216, 1978ರಲ್ಲಿ 224 ಆದ ಈ ಸಂಖ್ಯೆ ಅಲ್ಲಿಗೇ ನಿಂತಿದೆ. ಆದರೆ ಫಲಿತಾಂಶದ ದಿನದ ಬಲಾಬಲ, ಅಂದರೆ ಪಕ್ಷವಾರು ಸದಸ್ಯ ಸಂಖ್ಯೆ, ಸದನದ ಆಯುಷ್ಯದುದ್ದಕ್ಕೂ ಹಾಗೆಯೇ ಉಳಿದ ಉದಾಹರಣೆ ಕಡಿಮೆ. 1978ರಲ್ಲಿ ದೇವರಾಜ ಅರಸು ಅವರ ನೇತೃತ್ವದಲ್ಲಿ ಕಾಂಗ್ರೆಸ್ (ಐ) 149 ಸ್ಥಾನ ಗಳಿಸಿತ್ತು. ಮರುವರ್ಷ ಅರಸು ಅವರು ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಜನವರಿಯ ಲೋಕಸಭಾ ಫಲಿತಾಂಶ ಹೊರಬೀಳುತ್ತಲೇ ಶಾಸಕರು ಪಾಳಯ ಬದಲಿಸಿ, ಅದೇ ಸದನದಲ್ಲಿ, ಮತದಾರರ ಮುಂದೆ ಹೋಗದೆಯೇ, ಗುಂಡೂರಾವ್ ಅವರ ಸರ್ಕಾರ ರಚನೆಯಾಯಿತು. ಪಕ್ಷಾಂತರ ನಿಷೇಧವನ್ನು ಸಂವಿಧಾನದ ಹತ್ತನೆಯ ಅನುಸೂಚಿಗೆ ಸೇರಿಸಿದ್ದು 1985ರಲ್ಲಿ.

ಅಲ್ಪಾಯುಷಿ ಸದನಗಳ ಪೈಕಿ ಏಳನೆಯದು ಬಿದ್ದ ರೀತಿ ಅಪರೂಪದ್ದು. 1983ರಲ್ಲಿ 95 ಸ್ಥಾನಗಳ ಜನತಾ ಪಕ್ಷ ಇತರರ ಬೆಂಬಲದಿಂದ ಅಧಿಕಾರ ಹಿಡಿದಿತ್ತು. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಕ್ಷೇತ್ರಗಳಲ್ಲಿ ನಾಲ್ಕನ್ನಷ್ಟೇ ಗೆದ್ದಾಗ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರು ತಾವಾಗಿಯೇ ಜನಾದೇಶ ಕೋರಿ, 1985ರಲ್ಲಿ 139 ಸ್ಥಾನಗಳೊಂದಿಗೆ ಮರಳಿದರು. ಆದರೆ ಇಷ್ಟು ಭದ್ರವಾಗಿದ್ದ ಎಂಟನೆಯ ಸದನವೂ ಅವಧಿ ಪೂರೈಸಲಿಲ್ಲ. ಹತ್ತೊಂಬತ್ತು ಶಾಸಕರು ಬೆಂಬಲ ಹಿಂಪಡೆದರೆಂಬ ಪತ್ರಗಳ ಆಧಾರದ ಮೇಲೆ ರಾಜ್ಯಪಾಲರು ವರದಿ ಕಳಿಸಿ, ಅವರಲ್ಲಿ ಕೆಲವರು ತಮ್ಮ ಪತ್ರಗಳನ್ನು ಅಲ್ಲಗಳೆದರೂ, 1989ರ ಏಪ್ರಿಲ್ 21ರಂದು ಹೆಗಡೆಯವರ ನಂತರ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರ ವಜಾಗೊಂಡಿತು. ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ತೋರಿಸುವ ಅವಕಾಶವೇ ಸಿಗಲಿಲ್ಲ. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಾಗ, ಅವರ ಸರ್ಕಾರ ಹೋಗಿ ಐದು ವರ್ಷವಾಗುತ್ತ ಬಂದಿತ್ತು. ಆ ತೀರ್ಪಿನ ಲಾಭ ಮುಂದಿನವರಿಗೆ ದಕ್ಕಿತು.

ಆ ಪರೀಕ್ಷೆ ಹೇಗಿರುತ್ತದೆಂಬುದನ್ನು 2019ರ ಜುಲೈ 23ರ ಸಂಜೆ ಹದಿನೈದನೆಯ ವಿಧಾನಸಭೆಯಲ್ಲಿ ಕಾಣಬಹುದಾಗಿತ್ತು. ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತ ಯಾಚನೆಯನ್ನು ಧ್ವನಿಮತದಲ್ಲಿ ಮುಗಿಸದೆ, ಸದಸ್ಯರನ್ನು ಸಾಲುಸಾಲಾಗಿ ಎದ್ದು ನಿಲ್ಲಿಸಿ, ಸಿಬ್ಬಂದಿ ತಲೆ ಎಣಿಸಿದರು: ಪರವಾಗಿ 99, ವಿರುದ್ಧವಾಗಿ 105. ರಾಜೀನಾಮೆ ಕೊಟ್ಟಿದ್ದ ಆಡಳಿತ ಪಕ್ಷಗಳ ಶಾಸಕರು ಸದನಕ್ಕೆ ಬಂದಿರಲಿಲ್ಲವಾದ್ದರಿಂದ, 113 ಎಂಬ ಬಹುಮತದ ಪರಿಚಿತ ಅಂಕಿಗೆ ಆ ಸಂಜೆ ಅರ್ಥವಿರಲಿಲ್ಲ. ಡಿಸೆಂಬರಿನ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ನ್ನು ಗೆದ್ದ ಬಿಜೆಪಿ, 2018ರಲ್ಲಿ 104 ಇದ್ದ ತನ್ನ ಬಲವನ್ನು 117ಕ್ಕೆ ಏರಿಸಿಕೊಂಡಿತು. ಇಷ್ಟೆಲ್ಲ ಆದರೂ ಸದನ ವಿಸರ್ಜನೆಯಾಗದೆ 2023ರವರೆಗೆ ನಡೆಯಿತು. ಅದರ ಕೊನೆಯ ಮುಖ್ಯಮಂತ್ರಿಯಾಗಿದ್ದವರು ಎಸ್. ಆರ್. ಬೊಮ್ಮಾಯಿ ಅವರ ಪುತ್ರ ಬಸವರಾಜ ಬೊಮ್ಮಾಯಿ.