ಲಾಲ್‌ಬಾಗಿನ ಗಿಡ ಎಲ್ಲೆಲ್ಲಿಂದ ಬಂದಾವ

ಅಕ್ಕ-ತಂಗ್ಯಾರೇ, ಹೋದ ತಿಂಗಳ ಬೆಂಗಳೂರಿಗೆ ಹೋಗಿ ಬಂದೆ. ತಂಗಿ ಮಗಳ ಮನಿ. ರಾತ್ರಿ ರಾಯಚೂರಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ರ ಮುಂಜಾನೆ ಇಳಿಯೋದು. ಗಾಡಿ ಹೆಸರೇ ಉದ್ಯಾನ ನೋಡ್ರಿ! ಆಕಿ ಮನಿ ಮುಂದಿನ ರಸ್ತೆದಾಗ ಎರಡೂ ಕಡಿ ಗಿಡ ಕೂಡಿ ಮದುವಿ ಹಂದರ ಹಾಕಿದಂಗ ಅದಾವ. ಬ್ಯಾಸಗಿ ತುಂಬಾ ಬೇವಿನ ಗಿಡದ ಕೆಳಗ ಕುಂತು ಸೆರಗಿಲೆ ಗಾಳಿ ಹಾಕ್ಕೊಳ್ಳೋ ನನಗ ಹೊಟ್ಟಿಕಿಚ್ಚು ಆತು. ಸುಳ್ಳ್ಯಾಕ ಹೇಳಲಿ.

ನಮ್ಮತ್ತಿಯವರಿಗೆ ದೊಡ್ಡೂರು ಅಂದ್ರ ಹೈದರಾಬಾದೇ. ಬೆಂಗಳೂರಿಗೆ ಕಡೀತನಕ "ಮೈಸೂರು ಸೀಮಿ" ಅಂತಿದ್ರು. ಅವರದೇನೂ ತಪ್ಪಲ್ಲ. ರಾಯಚೂರು, ಮಾನ್ವಿ, ದೇವದುರ್ಗ ಎಲ್ಲಾ 1948ರ ಸೆಪ್ಟೆಂಬರ್ ತನಕ ನಿಜಾಮರ ಕೈಯಾಗಿದ್ವು, ಆಮ್ಯಾಲ ಎಂಟು ವರ್ಷ ಹೈದರಾಬಾದ್ ರಾಜ್ಯದಾಗ. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ. ಇನ್ನೂರು ಕಿಲೋಮೀಟರ್ ದೂರ ಇದ್ದ ರಾಜಧಾನಿ ನಾನೂರು ಕಿಲೋಮೀಟರ್ ದೂರ ಹೋತು. ವಿಧಾನಸೌಧ ಕಟ್ಟಿ ಮುಗಿಸಿದ್ದೂ ಅದೇ ವರ್ಷ.

ಮರುದಿನ ಲಾಲ್‌ಬಾಗಿಗೆ ಹೋದ್ವಿ. ಗಾಜಿನ ಮನಿ ನೋಡಿದ್ವಿ, 1889ರದ್ದು. ನನಗ ಹಿಡಿಸಿದ್ದು ಮಾತ್ರ ಕೆಂಪೇಗೌಡರ ಗೋಪುರ ಇರೋ ಕಲ್ಲುಬಂಡಿ. ನಮ್ಮ ಕ್ವಾಟಿ ಗುಡ್ಡದ ಸ್ವಂತ ತಂಗಿ ಇದ್ದಂಗ ಅದ. ಅದರ ಮ್ಯಾಲ ನಿಂತಾಗ ಅನಿಸ್ತು: ಈ ಊರಿಗೆ ಹೇಳಿಕೊಳ್ಳೋವಂಥ ಹೊಳಿ ಇಲ್ಲ, ಕೆಳಗೆಲ್ಲಾ ಬಂಡಿ. ಹಂಗಾದ್ರ ಈ ಹಸಿರು ಎಲ್ಲಿಂದ ಬಂತು?

ಬಂತಲ್ಲ, ತಂದ್ರು. 1537ರಾಗ ಕೆಂಪೇಗೌಡರು ಪ್ಯಾಟಿ ಕಟ್ಟಿದಾಗ ಕೆರಿನೂ ಕಟ್ಟಿಸಿದ್ರು. 1760ರಾಗ ಹೈದರಲಿ ಈ ತ್ವಾಟ ಸುರು ಮಾಡಿದ, ಮಗ ಟಿಪ್ಪು ಹೊರಗಿನ ದೇಶದಿಂದ ಬೀಜ, ಸಸಿ ತರಿಸಿದ. 1870ರಾಗ ಕಬ್ಬನ್ ಪಾರ್ಕ್ ಆತು. 1908ರಾಗ ಕ್ರುಂಬಿಗೆಲ್ ಅಂತ ಒಬ್ಬ ಜರ್ಮನಿಯವ ಬಂದ. ಆತನ ವಿಚಾರ ಕೇಳ್ರಿ: ಒಂದು ಜಾತಿ ಗಿಡದ ಹೂವು ಉದುರೂದ್ರಾಗ ಇನ್ನೊಂದು ಅರಳಬೇಕು, ವರ್ಷದಾಗ ಯಾವ ತಿಂಗಳೂ ರಸ್ತೆ ಬೋಳ ಇರಬಾರದು. ಹಂಗೇ ಲೆಕ್ಕ ಹಾಕಿ ಹಚ್ಚಿಸಿದ. ಪೂಜಿಗೆ ಹೂವು ಸಾಲಲಿ ಅಂತ ನಾವು ಹಿತ್ತಲದಾಗ ಮಲ್ಲಿಗಿ, ಕನಕಾಂಬರ, ಸೇವಂತಿ ಹಚ್ಚಂಗಿಲ್ಲೇನು, ಹಂಗ! ಆತ ಬೆಂಗಳೂರಾಗೇ ತೀರಿಕೊಂಡ, ಅದೂ 1956ರಾಗೇ. ಮುಂದ 1980ರ ದಶಕದಾಗ ನೇಗಿನಹಾಳ ಅನ್ನೋ ಅರಣ್ಯ ಅಧಿಕಾರಿ ರಸ್ತೆ ರಸ್ತೆಗೆ ಲಕ್ಷಗಟ್ಟಲೆ ಸಸಿ ಹಚ್ಚಿಸಿದ್ರು. ಹಂದರ ಹಾಕಿದ ಆ ಮಳೆಮರದ ತವರು ದಕ್ಷಿಣ ಅಮೆರಿಕ, ಗುಲ್‌ಮೊಹರಿಂದು ಮಡಗಾಸ್ಕರ್. ಎಲ್ಲಾ ಹೊರಗಿಂದ ಬಂದು ಬೇರು ಬಿಟ್ಟ ಮಂದಿನೇ.

ನೀರೂ ಹಂಗೇ ತಂದದ್ದು. 1890ರ ದಶಕದಾಗ ಹೆಸರಘಟ್ಟದಿಂದ ನಳ ಬಂತು. 1974ರಿಂದ ಕಾವೇರಿ ನೀರನ್ನ ನೂರು ಕಿಲೋಮೀಟರ್ ದೂರದಿಂದ ಪಂಪ್ ಹಚ್ಚಿ ಮ್ಯಾಲ ಎತ್ತತಾರ. ಕರೆಂಟಿನ ಮಾತು ಬಂದ್ರ ನಮ್ಮ ಶಕ್ತಿನಗರ ನೆನಸಬೇಕು. 1985ರಿಂದ ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿ ರಾಜ್ಯಕ್ಕೆಲ್ಲಾ ಕೊಡತಾರ. ಬೂದಿ ಮಾತ್ರ ನಮ್ಮಲ್ಲೇ ಉಳೀತದ.

ಹೊಳಿ ಇಲ್ಲದ ಊರು ಹಿಂಗ ತಂಪಾಗ್ಯದ. ನಮಗ ಒಂದು ಕಡಿ ಕೃಷ್ಣಾ, ಇನ್ನೊಂದು ಕಡಿ ತುಂಗಭದ್ರಾ. ಮಾನ್ವಿ ಕಡಿ ಕಾಲುವಿ ಬಂದು ಭತ್ತ ಬೆಳೀತಾರ ಖರೇ, ಕಾಲುವಿ ಕೊನಿ ಹಳ್ಳಿಯವರನ್ನ ಕೇಳಿದ್ರ ಬ್ಯಾರೆನೇ ಹೇಳತಾರ. ದೇವದುರ್ಗದ ಕಡಿಯಂತೂ ಎಷ್ಟೋ ಮನಿ ಬಾಗಿಲಿಗೆ ಕೀಲಿ ಹಾಕಿ ಗುಳೇ ಹೋಗ್ಯಾರ. ಎಲ್ಲಿಗೆ? ಇಲ್ಲಿಗೇ.

ಅದು ಗೊತ್ತಾಗಿದ್ದು ಸಂಜಿಮುಂದ. ತಂಗಿ ಮಗಳ ಮನಿ ಹಿಂದ ದೊಡ್ಡ ಕಟ್ಟಡ ಏಳ್ತಿತ್ತು, ಬಾಜೂಕ ತಗಡಿನ ಶೆಡ್ಡು. ಪಟ್ ಪಟ್ ಅಂತ ರೊಟ್ಟಿ ಬಡಿಯೋ ಸಪ್ಪಳ ಕೇಳಿ ಕಾಲು ತಾವೇ ಆ ಕಡಿ ನಡದ್ವು. ಮೂರು ಕಲ್ಲಿನ ಒಲಿ ಮುಂದ ಒಬ್ಬ ಹೆಣ್ಣಮಗಳು. ದೇವದುರ್ಗ ತಾಲೂಕಿನಾಕಿ! ಇಲ್ಲಿಗೆ ಬಂದು ಐದು ವರ್ಷ ಆತಂತ. ನಾನು ಖುಷಿಲೆ, "ಲಾಲ್‌ಬಾಗ್ ನೋಡಿಯೇನವ್ವಾ?" ಅಂದೆ.

"ಇಲ್ರಿ ಅಕ್ಕಾರ. ರಜಾ ಮಾಡಿದ್ರ ಪಗಾರ ಇಲ್ಲ. ಬಸ್ಸಿನಾಗ ಹೊಂಟಾಗ ಗೋಡಿ ಅಷ್ಟ ನೋಡೀನಿ."

ಕೇಳಬಾರದಿತ್ತು ಅನಿಸ್ತು. ಆಕಿ ಬಿಸಿ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಹಾಕಿ ಕೈಯಾಗಿಟ್ಟು, ತನ್ನ ಪಾಳಿ ಅನ್ನೋಹಂಗ ಕೇಳಿದ್ಲು:

"ಈ ಸಲ ನಮ್ಮ ಕಡಿ ಮಳಿ ಆತೇನ್ರಿ?"