ದವಡೆ ಹೇಳಿದ ಮಾತು

1890ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ ಒಬ್ಬ ಮುದುಕನ ಕಥೆ ಬರೆದರು. ಆತನ ತಲೆಯ ಮೇಲೆ ಕೆಂಪು ಗೆರೆಗಳೆದ್ದು, ಟೋಪಿ ಹಾಕಿಕೊಳ್ಳಲೂ ಆಗದಷ್ಟು ನೋಯುತ್ತಿದ್ದವು. ಅವು ಹಣೆಯ ಪಕ್ಕದಲ್ಲಿ ಊದಿಕೊಂಡ ರಕ್ತನಾಳಗಳಾಗಿದ್ದವು. ಮೊದಮೊದಲು ಅವುಗಳಲ್ಲಿ ಕ್ಷೀಣವಾಗಿ ಸಿಗುತ್ತಿದ್ದ ಮಿಡಿತ ಕೊನೆಗೆ ನಿಂತೇಹೋಯಿತು. ಇಂದು ಜಯಂಟ್ ಸೆಲ್ ಆರ್ಟರೈಟಿಸ್ ಎಂದು ಕರೆಯುವ ಕಾಯಿಲೆಯ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಮತ್ತೆ ಅದರ ಜಾಡು ಸಿಕ್ಕಿದ್ದು ನಾಲ್ಕು ದಶಕಗಳ ಮೇಲೆ, ಅಮೆರಿಕದ ರೋಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನಲ್ಲಿ. 1932ರಲ್ಲಿ ಬೇಯರ್ಡ್ ಹಾರ್ಟನ್ ಮತ್ತು ಸಂಗಡಿಗರು ಇಬ್ಬರು ರೋಗಿಗಳ ರಕ್ತನಾಳದ ತುಣುಕು ತೆಗೆದು ಪರೀಕ್ಷಿಸಿ, ನಾಳದ ಗೋಡೆಯಲ್ಲೇ ಉರಿಯೂತವಿರುವುದನ್ನು ತೋರಿಸಿದರು. ತಲೆನೋವು, ಜ್ವರ, ತೂಕ ಇಳಿಯುವುದು ಇವೆಲ್ಲ ಲಕ್ಷಣಗಳ ಪಟ್ಟಿಗೆ ಸೇರಿದವು. ಊಟ ಮಾಡುವಾಗ ದವಡೆ ನೋಯುತ್ತದೆ ಎಂಬ ದೂರೂ ಕ್ರಮೇಣ ಆ ಪಟ್ಟಿಯಲ್ಲಿ ಜಾಗ ಪಡೆಯಿತು.

ಮೇಲುನೋಟಕ್ಕೆ ಇದು ಸಣ್ಣ ದೂರು. ವಯಸ್ಸಾದವರು ಅಗಿಯಲಾಗುತ್ತಿಲ್ಲ ಎಂದರೆ ಮನೆಯವರು ಹಲ್ಲನ್ನೇ ದೂರುತ್ತಾರೆ. ಆದರೆ ಈ ನೋವಿನ ರೀತಿ ಬೇರೆ. ಮೊದಲ ತುತ್ತಿಗೆ ಏನೂ ಇರುವುದಿಲ್ಲ. ಸ್ವಲ್ಪ ಹೊತ್ತು ಅಗಿದ ಮೇಲೆ ಕೆನ್ನೆಯ ಸ್ನಾಯು ಬಿಗಿದು ನೋಯುತ್ತದೆ. ಬಾಯಿ ಆಡಿಸುವುದು ನಿಲ್ಲಿಸಿದರೆ ಕಡಿಮೆಯಾಗುತ್ತದೆ. ದುಡಿಯುವ ಸ್ನಾಯು ಹೆಚ್ಚು ರಕ್ತ ಕೇಳುತ್ತದೆ, ಕಿರಿದಾದ ನಾಳ ಅಷ್ಟನ್ನು ಒದಗಿಸಲಾರದು. ಕಾಲಿನ ರಕ್ತನಾಳ ಕಟ್ಟಿದವರು ನಾಲ್ಕು ಹೆಜ್ಜೆ ನಡೆದು ನಿಂತುಬಿಡುವುದೂ ಇದೇ ಕಾರಣಕ್ಕೆ. ಅದಕ್ಕೆ ವೈದ್ಯರು ಬಳಸುವ ಕ್ಲಾಡಿಕೇಶನ್ ಎಂಬ ಪದ ಹುಟ್ಟಿದ್ದು ಕುಂಟುವುದು ಎಂಬರ್ಥದ ಲ್ಯಾಟಿನ್ ಮಾತಿನಿಂದ. ಇಲ್ಲಿ ಕುಂಟುವುದು ದವಡೆ.

1938ರಲ್ಲಿ ಇಂಗ್ಲೆಂಡಿನ ಜೆನ್ನಿಂಗ್ಸ್ ಈ ಕಾಯಿಲೆಯಿಂದ ಕುರುಡುತನವೂ ಬರಬಹುದೆಂದು ಬರೆದ ಮೇಲೆ ದವಡೆಯ ದೂರಿನ ತೂಕ ಹೆಚ್ಚಿತು. ಕೆನ್ನೆಗೆ ರಕ್ತ ಒಯ್ಯುವ ನಾಳಗಳನ್ನು ಕಟ್ಟುವ ಕಾಯಿಲೆ ಕಣ್ಣಿನ ನರಕ್ಕೆ ರಕ್ತ ಒಯ್ಯುವ ನಾಳಗಳನ್ನೂ ಬಿಡುವುದಿಲ್ಲ. ಒಮ್ಮೆ ಹೋದ ದೃಷ್ಟಿ ಮರಳುವುದು ಅಪರೂಪ. ಅಗಿಯುವಾಗಿನ ನೋವು ಕಣ್ಣಿಗೆ ಬರಲಿರುವ ಆಪತ್ತಿನ ಮುನ್ಸೂಚನೆಯಾಗಿರಬಹುದಿತ್ತು. ಆದರೆ ಸೂಚನೆ ಸಿಕ್ಕರೂ ಆಗ ವೈದ್ಯರ ಕೈಯಲ್ಲಿ ಔಷಧವಿರಲಿಲ್ಲ.

ಔಷಧ ಬಂದದ್ದು ಅದೇ ಮೇಯೊ ಕ್ಲಿನಿಕ್‌ನಿಂದ. ಅಲ್ಲಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವೊಂದನ್ನು 1948ರ ಸೆಪ್ಟೆಂಬರ್‌ನಲ್ಲಿ ಫಿಲಿಪ್ ಹೆಂಚ್ ತಂಡ ಸಂಧಿವಾತದಿಂದ ಮಲಗಿದ್ದ 29ರ ಹೆಣ್ಣುಮಗಳಿಗೆ ಚುಚ್ಚುಮದ್ದಾಗಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಅದಕ್ಕೆ ಕಾರ್ಟಿಸೋನ್ ಎಂಬ ಹೆಸರು ಬಂತು. 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ನೊಬೆಲ್ ಹಂಚಿಕೊಂಡರು. ಅದೇ ವರ್ಷ ಮೇಯೊದ ವೈದ್ಯರು ಈ ರಕ್ತನಾಳದ ಕಾಯಿಲೆಯಲ್ಲೂ ಕಾರ್ಟಿಸೋನ್ ಪರಿಣಾಮವನ್ನು ವರದಿ ಮಾಡಿದರು. ತಲೆನೋವು, ದವಡೆ ನೋವುಗಳು ದಿನಗಳಲ್ಲೇ ಇಳಿಯತೊಡಗಿದವು. ಬೇಗ ಶುರುಮಾಡಿದರೆ ಕಣ್ಣೂ ಉಳಿಯುತ್ತಿತ್ತು.

ಆದರೆ ಸ್ಟೆರಾಯ್ಡ್ ತನ್ನ ಬೆಲೆಯನ್ನೂ ವಸೂಲು ಮಾಡಿತು: ಟೊಳ್ಳಾಗುವ ಮೂಳೆ, ಏರುವ ಸಕ್ಕರೆ, ಕೆಡುವ ನಿದ್ದೆ. ಹಾಗಾಗಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮೆಲ್ಲಗೆ ಇಳಿಸುವ ಪದ್ಧತಿ ಬಂತು. ಮಾತ್ರೆ ಇಳಿಯುತ್ತಿರುವಾಗ ದವಡೆ ಮತ್ತೆ ನೋಯತೊಡಗಿದರೆ ಏನರ್ಥ? ಕಾಯಿಲೆ ಮರುಕಳಿಸಿರಬಹುದು. 2003ರಲ್ಲಿ ರಾಬರ್ಟ್ ಮಾರ್ಕ್ಸ್ ಇನ್ನೊಂದು ಸಾಧ್ಯತೆಯ ಕಡೆ ಗಮನ ಸೆಳೆದರು. ಬಿಸ್‌ಫಾಸ್ಫೊನೇಟ್ ಎಂಬ ಔಷಧ ಪಡೆದ 36 ರೋಗಿಗಳಲ್ಲಿ ದವಡೆಯ ಮೂಳೆಯೇ ಸತ್ತಿತ್ತು. ಅವರಲ್ಲಿ ಹೆಚ್ಚಿನವರು ಕ್ಯಾನ್ಸರ್ ರೋಗಿಗಳು. ಸ್ಟೆರಾಯ್ಡ್ ತೆಗೆದುಕೊಳ್ಳುವವರ ಮೂಳೆ ಕಾಪಾಡಲೂ ಅದೇ ಬಗೆಯ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಅವರಲ್ಲಿ ಈ ತೊಂದರೆ ಅಪರೂಪ, ಆದರೆ ಇಲ್ಲವೇ ಇಲ್ಲವೆಂದಲ್ಲ. ಹೀಗೆ ಒಂದೇ ದವಡೆಯ ನೋವಿಗೆ ಎರಡು ಬೇರೆ ಕಥೆಗಳಿರಬಹುದು.

ಸ್ಟೆರಾಯ್ಡ್ ಹೊರೆ ತಗ್ಗಿಸುವ ದಾರಿ 2017ರಲ್ಲಿ ಕಂಡಿತು. 251 ರೋಗಿಗಳ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಟೊಸಿಲಿಜುಮ್ಯಾಬ್ ಚುಚ್ಚುಮದ್ದು ಪಡೆದು 26 ವಾರಗಳಲ್ಲಿ ಸ್ಟೆರಾಯ್ಡ್ ಬಿಟ್ಟವರ ಪೈಕಿ ಶೇ. 56ರಷ್ಟು ಮಂದಿಯಲ್ಲಿ ಒಂದು ವರ್ಷದ ಕೊನೆಗೂ ಕಾಯಿಲೆ ಹತೋಟಿಯಲ್ಲಿತ್ತು. ಅಷ್ಟೇ ಅವಧಿಯಲ್ಲಿ ಸ್ಟೆರಾಯ್ಡ್ ಬಿಟ್ಟು ಹುಸಿಮದ್ದು ಪಡೆದವರಲ್ಲಿ ಅದು ಶೇ. 14.

ಐವತ್ತು ದಾಟಿದವರನ್ನು ಹಿಡಿಯುವ ಈ ಕಾಯಿಲೆ ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚು, ಭಾರತೀಯರಲ್ಲಿ ಕಡಿಮೆ. ಕಡಿಮೆ ಎಂಬ ಕಾರಣಕ್ಕೇ ಇಲ್ಲಿ ಅದು ಹಲ್ಲುನೋವಿನ ಲೆಕ್ಕಕ್ಕೆ ಜಮೆಯಾಗುವ ಸಂಭವ ಹೆಚ್ಚು. ಮೆತ್ತಗಿನ ಅನ್ನ, ಗಂಜಿ, ಸಣ್ಣ ತುತ್ತು, ನಡುನಡುವೆ ಬಿಡುವು ಇವೆಲ್ಲ ಊಟವನ್ನು ಸುಲಭ ಮಾಡುತ್ತವೆ. ನಾಳದ ಉರಿಯೂತವನ್ನು ತಡೆಯುವುದಿಲ್ಲ. ಮಾತ್ರೆಯನ್ನು ತಾನೇ ಏರಿಸುವುದೂ ನಿಲ್ಲಿಸುವುದೂ ಅಪಾಯ. ನೋವು ಮರಳಿದರೆ ವೈದ್ಯರಿಗೆ ಅಂದೇ ತಿಳಿಸಬೇಕು. ಕಣ್ಣು ಮಂಜಾದರೆ ಒಂದು ಗಂಟೆಯೂ ಕಾಯಬಾರದು. ಅನ್ನದ ಜೊತೆ ನುಂಗಿಕೊಂಡು ಸುಮ್ಮನಿರುವ ನೋವು ಇದಲ್ಲ.